ಜೌಗು ಪುರಾತತ್ವ ವಿಭಾಗದಲ್ಲಿ ಒಂದು ಹಾಜರಿ

ಕಾಲೇಜಿಗೆ ಸೇರುವ ಮೊದಲು ಒಂದು ವರ್ಷ ಬಿಡುವು ಬಯಸುವವರು ಮೊದಲು ಕಾಲೇಜಿಗೆ ಸೇರತಕ್ಕದ್ದು. ಲ್ಯುಬ್ಲ್ಯಾನಾ ನಗರದ ಜೌಗುನೆಲದ ಅಂಚಿಗಿರುವ ನಮ್ಮ ಪಟ್ಟಣದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಾಲೇಜಿಗೆ ಸೇರದವನಿಗೆ ವಿದ್ಯಾರ್ಥಿಗಳ ರಿಯಾಯಿತಿ ಊಟವಿಲ್ಲ, ಬಸ್ ಪಾಸಿಲ್ಲ, ವಿದ್ಯಾರ್ಥಿಗಳಿಗೆಂದೇ ಮೀಸಲಾದ ಕೆಲಸವೂ ಇಲ್ಲ. ಇವಿಷ್ಟೂ ಇಲ್ಲದೆ ಬಿಡುವಾಗಿರುವುದು ಹೇಗೆ?

ಬ್ರಿನಾಗೆ ಮಾತ್ರ ಇದು ತಿಳಿದಿರಲಿಲ್ಲ. ಶಾಲೆಯ ಕೊನೆಯ ಪರೀಕ್ಷೆ ಮುಗಿದ ಭಾನುವಾರ, ಗೋಮಾಂಸದ ಸಾರಿನಲ್ಲಿ ಶ್ಯಾವಿಗೆ ತಿರುವುತ್ತಾ ಅವಳು ಹೇಳಿಬಿಟ್ಟಳು: "ಅಪ್ಪಾ, ಒಂದು ವರ್ಷ ನಾನು ಎಲ್ಲೂ ಸೇರಲ್ಲ. ನನಗೇನು ಇಷ್ಟ ಅಂತ ನೋಡ್ಕೋಬೇಕು."

ದಂತವೈದ್ಯ ಬೊರುತ್ ಚಮಚ ಕೆಳಗಿಟ್ಟರು. "ಅದಕ್ಕೆ ಒಂದು ವರ್ಷ ಬೇಕೇನೇ? ನನಗೆ ಹಲ್ಲು ಇಷ್ಟ ಅಂತ ನಮ್ಮಪ್ಪ ಒಂದೇ ಏಟಿಗೆ ಹೇಳಿದ್ರು."

"ಓದದೆ ಇರೋಕೂ ಒಂದು ಕಾಲೇಜು ಬೇಕಲ್ಲ ಪುಟ್ಟಾ," ಎಂದರು ಅಜ್ಜಿ, ಬಹಳ ಕನಿಕರದಿಂದ.

ಕೊನೆಗೆ ಒಪ್ಪಂದವಾಯಿತು. ವರ್ಷ ಅವಳದು, ಆದರೆ ಎಲ್ಲಾದರೂ ವಿದ್ಯಾರ್ಥಿನಿ ಅನ್ನಿಸಿಕೊಂಡಿರಬೇಕು. ಆ ಪಟ್ಟ ಕಳಚಿದ ದಿನವೇ ಬಿಳಿ ಕೋಟು ತೊಟ್ಟು ದಂತ ಕಾಲೇಜಿಗೆ ಹೊರಡಬೇಕು.

ದಾರಿ ತೋರಿಸಿದವಳು ಅಪ್ಪನ ದವಾಖಾನೆಯಲ್ಲಿ ಫೋನ್ ಎತ್ತುವ ನಾದ್ಯಾ. ವಯಸ್ಸು ಮೂವತ್ತೈದು, ವೃತ್ತಿ ವಿದ್ಯಾರ್ಥಿನಿ. ವಿದ್ಯಾರ್ಥಿಗಳಿಗೆ ಕಡಿಮೆ ಕೂಲಿ ಸಾಕಾದ್ದರಿಂದ ಬೊರುತ್ ಅವರಿಗೆ ವಿದ್ಯೆಯ ಮೇಲೆ ಅಪಾರ ಗೌರವ. ದವಾಖಾನೆಯ ಕಸ ಗುಡಿಸುವವನೂ ಪದವಿ ಓದುತ್ತಿದ್ದ.

"ಜೌಗು ಪುರಾತತ್ವಕ್ಕೆ ಸೇರ್ಕೊಳೇ," ಎಂದಳು ನಾದ್ಯಾ. "ನಾನೂ, ನಮ್ಮ ಕಸ ಗುಡಿಸೋನೂ ಅಲ್ಲೇ ಓದ್ತಿರೋದು."

"ಎಲ್ಲಿದೆ ಅದು?"

"ಅಯ್ಯೋ ಮಾರಾಯ್ತಿ, ನನಗೇನು ಗೊತ್ತು!"

ವಿಭಾಗ ಇದ್ದದ್ದು ಮೀನು ಮಾರುಕಟ್ಟೆಯ ಹಿಂದೆ. ಅದು ಇಡೀ ವಿಶ್ವವಿದ್ಯಾಲಯದ ಹೆಮ್ಮೆ. ವಿದ್ಯಾರ್ಥಿಗಳ ತಲೆ ಎಣಿಸಿ ಸರ್ಕಾರ ಹಣ ಕೊಡುತ್ತಿತ್ತು. ಆ ತಲೆಗಳು ಎಲ್ಲಿವೆ ಎಂದು ಕೇಳುವ ಅಸಭ್ಯತೆ ಅದಕ್ಕಿರಲಿಲ್ಲ. ಪ್ರೊಫೆಸರ್ ಎವ್ಗೆನ್ ವರ್ಷವಿಡೀ ತಮ್ಮ ದ್ರಾಕ್ಷಿತೋಟದಲ್ಲಿ ಸಂಶೋಧನಾನಿರತರಾಗಿರುತ್ತಿದ್ದರು. ಕಚೇರಿಯ ಹೆರ್ಮಿನಾ ಒಬ್ಬರೇ ದಿನವೂ ಬರುತ್ತಿದ್ದರು, ಗಿಡಕ್ಕೆ ನೀರು ಹಾಕಲು.

ತಪ್ಪು ನಡೆದದ್ದು ಅಕ್ಟೋಬರಿನಲ್ಲಿ. ಮಳೆ ಹಿಡಿದುಕೊಂಡಿತು, ಬ್ರಿನಾ ಕೈಯಲ್ಲಿ ಮಾಂಸ ತುಂಬಿದ ಬಿಸಿ ಬುರೆಕ್ ಇತ್ತು, ಎದುರಿಗೆ ತಾನು ಹೆಸರು ಬರೆಸಿದ್ದ ವಿಭಾಗದ ಬಾಗಿಲು ತೆರೆದಿತ್ತು. ಒಳಗೆ ಧೂಳು ಹಿಡಿದ ಬೆಂಚುಗಳು. ಗೋಡೆಗೊರಗಿ ಐದು ಸಾವಿರ ವರ್ಷ ಹಳೆಯದೊಂದು ಮರದ ದೋಣಿ. ಬುರೆಕ್ ತಿನ್ನುತ್ತಾ ನೋಡಿದಳು. ದೋಣಿಯ ತಳದಲ್ಲಿ ಯಾರೋ ತೂತು ಮುಚ್ಚಿ ತೇಪೆ ಹಾಕಿದ ಗುರುತು. ಯಾರು ಹಾಕಿದರು? ಯಾವುದರಿಂದ ಅಂಟಿಸಿದರು? ನೋಡೋಣವೆಂದು ಕಪಾಟಿನಿಂದ ಒಂದು ಪುಸ್ತಕ ತೆಗೆದಳು. ಮಳೆ ನಿಂತದ್ದು ತಿಳಿಯಲಿಲ್ಲ. ಮಾರನೆಯ ದಿನ ಬಿಸಿಲಿದ್ದರೂ ಬಂದಳು. ಅದರ ಮಾರನೆಯ ದಿನ, ದೇವರೇ ಕಾಪಾಡಬೇಕು, ಪೆನ್ಸಿಲ್ ತಂದಳು.

ಹೆರ್ಮಿನಾ ಕೈಯಿಂದ ನೀರಿನ ತಂಬಿಗೆ ಜಾರಿಬಿತ್ತು.

"ಯಾರಮ್ಮಾ ನೀನು?"

"ವಿದ್ಯಾರ್ಥಿನಿ."

"ವಿದ್ಯಾರ್ಥಿನಿ ಆಗಿದ್ಕೊಂಡು ಇಲ್ಲೇನ್ ಮಾಡ್ತಿದ್ದೀಯ? ನಾಚಿಕೆ ಆಗಲ್ವಾ?"

ಬ್ರಿನಾ ಪೆಚ್ಚಾದಳು. ಹೆರ್ಮಿನಾ ಕುರ್ಚಿ ಎಳೆದುಕೊಂಡು ಕೂತು, ತಾಯಿಯಂತೆ ತಿಳಿಹೇಳಿದರು. ಯಾರೂ ಬಾರದ ತರಗತಿಯಲ್ಲಿ ಯಾರೂ ಗೈರುಹಾಜರಲ್ಲ. ಪಾಠ ಇನ್ನೂ ಶುರುವಾಗಬೇಕಿದೆ ಎಂದಷ್ಟೇ ಅದರ ಅರ್ಥ. ಒಬ್ಬರು ಬಂದು ಕೂತರೋ, ಪಾಠ ಶುರುವಾದಂತೆ. ಆಗ ಉಳಿದವರೆಲ್ಲ ತಪ್ಪಿಸಿಕೊಂಡವರು. ತಪ್ಪಿಸಿಕೊಂಡವರ ವಿದ್ಯಾರ್ಥಿ ಪಟ್ಟ ರದ್ದು. ಅವರು ಹೋದರೆ ವಿಭಾಗ ಬಂದ್. ವಿಭಾಗವೇ ಇಲ್ಲದ ಮೇಲೆ ಬ್ರಿನಾ ಯಾವುದರ ವಿದ್ಯಾರ್ಥಿನಿ?

ಬ್ರಿನಾಗೆ ಕಣ್ಣ ಮುಂದೆ ಬಿಳಿ ಕೋಟು ಹಾದುಹೋಯಿತು. "ಆದ್ರೆ ನನಗೇನು ಇಷ್ಟ ಅಂತ ಈಗ ಗೊತ್ತಾಯ್ತಲ್ಲ ಆಂಟಿ! ನಾನೀಗ ಬರದೇ ಇರೋಕಾಗಲ್ಲ."

ಪ್ರೊಫೆಸರಿಗೆ ಫೋನ್ ಹೋಯಿತು. ಕೊಯ್ಲನ್ನು ಅರ್ಧಕ್ಕೆ ಬಿಟ್ಟು, ಬೂಟಿಗಂಟಿದ ದ್ರಾಕ್ಷಿಸಿಪ್ಪೆಯೊಡನೆ ಅವರು ಧಾವಿಸಿದರು. ತಮ್ಮ ಕೋಣೆ ಯಾವುದೆಂದು ಹೆರ್ಮಿನಾರನ್ನು ಕೇಳಿ ತಿಳಿದುಕೊಂಡು, ಒಳಹೊಕ್ಕು ಬಾಗಿಲು ಹಾಕಿ, ಸಂಜೆಗೆ ಈ ಕೆಳಗಿನ ಪ್ರಕಟಣೆ ಹೊರಡಿಸಿದರು:

"ಸಮಸ್ತರ ಗಮನಕ್ಕೆ. ವಿಭಾಗದ ಕೊಠಡಿಯಲ್ಲಿ ಇತ್ತೀಚೆಗೆ ಕಂಡುಬಂದಿರುವ ಬ್ರಿನಾ ಎಂಬುದು ಹಾಜರಿಯಲ್ಲ, ಪ್ರಾಚೀನ ಅವಶೇಷ. ಸದರಿ ಅವಶೇಷವನ್ನು ದೋಣಿಯ ಪಕ್ಕ, ಹಗ್ಗದ ಬೇಲಿಯೊಳಗೆ ಇರಿಸಲಾಗಿದೆ. ಅವಶೇಷವು ಪುಸ್ತಕ ಓದುವುದಕ್ಕೆ ವಿಭಾಗದ ಅಭ್ಯಂತರವಿರುವುದಿಲ್ಲ. ಇದೇ ಹೆಸರಿನ ವಿದ್ಯಾರ್ಥಿನಿಯು ಎಂದಿನಂತೆ ಬಂದಿರುವುದಿಲ್ಲ."

ಎಲ್ಲರಿಗೂ ನೆಮ್ಮದಿಯಾಯಿತು. ಬ್ರಿನಾ ಬೆಳಿಗ್ಗೆ ಬಂದು ಹಗ್ಗದಾಚೆ ಕೂರುವಳು; ಓದುವಳು; ಸಂಜೆ ಹೆರ್ಮಿನಾ ಅವಳ ಮೇಲೊಂದು ಸಲ ಧೂಳಿನ ಬಟ್ಟೆ ಆಡಿಸಿ ಮನೆಗೆ ಕಳಿಸುವರು.

ಆದರೆ ಊರಲ್ಲಿ ಹೊಟ್ಟೆಕಿಚ್ಚಿನವರಿಗೆ ಬರವೇ? ವಿಭಾಗದಲ್ಲಿ ಯಾರೋ ಓದುತ್ತಿದ್ದಾರೆಂದು ಸಚಿವಾಲಯಕ್ಕೆ ದೂರು ಹೋಯಿತು. ತನಿಖಾಧಿಕಾರಿ ಬಂದ. ಸಣಕಲು ಮನುಷ್ಯ, ಛತ್ರಿಯನ್ನೂ ಸಂಶಯದಿಂದ ಮಡಿಸುವಂಥವನು. ಹಗ್ಗದ ಬಳಿ ನಿಂತು ಬ್ರಿನಾಳನ್ನು ಬಹಳ ಹೊತ್ತು ನೋಡಿದ.

"ಉಸಿರಾಡ್ತಿದೆಯಲ್ಲ?"

"ಜೌಗಿನ ಮಣ್ಣು ಸಾರ್," ಎಂದರು ಪ್ರೊಫೆಸರ್. "ಏನನ್ನೂ ಕೆಡೋಕೆ ಬಿಡಲ್ಲ."

"ವಯಸ್ಸಿಗೆ ಪ್ರಮಾಣ?"

"ಹಲ್ಲು ನೋಡಿ ಹೇಳೋದು ಪದ್ಧತಿ."

"ಹಾಗಾದ್ರೆ ಹಲ್ಲು ಬಲ್ಲವರು ಯಾರಾದ್ರೂ ಈಗಲೇ ನನ್ನೆದುರಿಗೆ ನೋಡಿ ಹೇಳಲಿ. ಇಲ್ದಿದ್ರೆ ಇದನ್ನ ವಿದ್ಯಾರ್ಥಿನಿ ಅಂತಲೇ ಬರ್ಕೋತೀನಿ."

ಪಟ್ಟಣದಲ್ಲಿ ಇದ್ದ ದಂತವೈದ್ಯರು ಒಬ್ಬರೇ. ಬೊರುತ್ ಚೀಲ ಹಿಡಿದು ಬಂದರು, ಹಿಂದೆಯೇ ನಾದ್ಯಾ. ಅವಳು ಪಾಠದ ಕೊಠಡಿ ಕಂಡದ್ದು ಅಂದೇ ಮೊದಲು; ಚೆನ್ನಾಗಿದೆ ಎಂದಳು.

ಹಗ್ಗದಾಚೆ ಮಗಳನ್ನು ಕಂಡ ಬೊರುತ್ ಮುಖದಲ್ಲಿ ಒಂದು ಬೆಳಕು ಮೂಡಿತು. ಇವಳು ನನ್ನ ಮಗಳು, ಹೋದ ಏಪ್ರಿಲ್‌ಗೆ ಹತ್ತೊಂಬತ್ತು ತುಂಬಿತು: ಇಷ್ಟು ಹೇಳಿದರೆ ಮುಗಿಯಿತು. ದಂತ ಕಾಲೇಜಿನ ಬಾಗಿಲು ತಾನಾಗಿಯೇ ತೆರೆಯುತ್ತದೆ. ಬ್ರಿನಾಗೂ ಅದು ಗೊತ್ತಿತ್ತು. ಅವಶೇಷ ಪುಸ್ತಕವನ್ನು ಎದೆಗವಚಿಕೊಂಡಿತು.

ಅಷ್ಟರಲ್ಲಿ ನಾದ್ಯಾ ಅವರ ಕಿವಿಯ ಬಳಿ ಬಾಗಿದಳು. "ಡಾಕ್ಟ್ರೇ, ಅವಳು ವಿದ್ಯಾರ್ಥಿನಿ ಅಂದ್ರೆ ನಾನಲ್ಲ. ಆಮೇಲೆ ನನಗೆ ಪೂರ್ತಿ ಸಂಬಳ ಕೊಡ್ಬೇಕಾಗುತ್ತೆ. ಕಸ ಗುಡಿಸೋನಿಗೂ."

ಬೊರುತ್ ಮುಖದ ಬೆಳಕು ಆರಿತು. ತಂದೆಯ ಹೃದಯದಲ್ಲಿ ಆಗ ನಡೆದ ಹೋರಾಟ ವರ್ಣಿಸಲಸಾಧ್ಯ. ಅಷ್ಟು ಬೇಗ ಅದು ಮುಗಿದುಹೋಯಿತು. ಅವರು ಪುಟ್ಟ ಕನ್ನಡಿ ಹೊರತೆಗೆದರು.

"ಬಾಯಿ ತೆಗಿ."

ಬ್ರಿನಾ ಬಾಯಿ ತೆರೆದಳು. ಕನ್ನಡಿಯ ಸಂದಿಯಿಂದಲೇ ಪಿಸುಗುಟ್ಟಿದಳು: "ಅಪ್ಪಾ, ನನಗಿದು ನಿಜವಾಗ್ಲೂ ಇಷ್ಟ."

"ವಸ್ತು ಏನೋ ಅಂತು?" ಎಂದ ತನಿಖಾಧಿಕಾರಿ.

"ಗಾಳಿ," ಎಂದರು ಬೊರುತ್ ತಲೆಯೆತ್ತದೆ. "ಹಳೇ ದವಡೆಗಳಲ್ಲಿ ಸೇರ್ಕೊಂಡಿರುತ್ತೆ." ಮತ್ತೆ ಒಂದೊಂದೇ ಹಲ್ಲನ್ನು ತಟ್ಟಿ ನೋಡಿ, ಕನ್ನಡಿ ಒರೆಸಿಕೊಂಡು ನೆಟ್ಟಗೆ ನಿಂತರು. "ಐದು ಸಾವಿರ ವರ್ಷ. ಕಡಿಮೆ ಅಂದ್ರೂ. ಆ ಕಾಲದವರು ಸಕ್ಕರೆ ತಿಂತಿರ್ಲಿಲ್ಲ, ಅದಕ್ಕೇ ಹುಳುಕಿಲ್ಲ."

ತನಿಖಾಧಿಕಾರಿ ಟೋಪಿ ತೆಗೆದ. ಇಷ್ಟು ಪುರಾತನವಾದದ್ದರೆದುರು ಟೋಪಿ ಹಾಕಿ ನಿಲ್ಲುವುದು ಅವನ ಸಂಸ್ಕಾರವಾಗಿರಲಿಲ್ಲ. ಹಲ್ಲು ಇಷ್ಟು ಚೆನ್ನಾಗಿದೆಯೆಂದು ಅವಶೇಷವನ್ನು ದಂತ ಕಾಲೇಜು ಸೇರಿದಂತೆ ಬೇರೆಲ್ಲಿಗೂ ಸಾಗಿಸಕೂಡದು, ಅದು ಕೇಳಿದ ಪುಸ್ತಕ ಒದಗಿಸತಕ್ಕದ್ದು, ಬಿಸಿಲು ತಾಗಿಸಕೂಡದು ಎಂದು ಅಲ್ಲೇ ಅಪ್ಪಣೆ ಕೊಟ್ಟು ಹೋದ.

ಆ ಭಾನುವಾರ ಸಾರು ಬಡಿಸುತ್ತಾ ಬೊರುತ್ ತಮ್ಮ ತಾಯಿಗೆ ಸುದ್ದಿ ಹೇಳಿದರು. ಅಜ್ಜಿ ಬ್ರಿನಾಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಐದು ಸಾವಿರ ಅಂತ ಯಾರಾದ್ರೂ ಹೇಳ್ತಾರೇನೋ?" ಎಂದರು. "ನಮ್ಮ ಕಡೆಯವರೇ ಹಾಗೆ. ವಯಸ್ಸು ಗೊತ್ತೇ ಆಗಲ್ಲ."