ಚಂದ್ರ, ಕಮಲ ಬಿಟ್ಟು ಬೇರೆ ಹೇಳಿ

ಮಳೆ ಅಪರೂಪವಾದ ಮಧುಗಿರಿ, ಪಾವಗಡ ಕಡೆಯ ಕಾಲೇಜುಗಳಲ್ಲಿ ಕನ್ನಡ ಪಾಠ ಮಾಡುವ ನನಗೆ ಅಲಂಕಾರದ ಪಾಠ ಬಂತೆಂದರೆ ಈಗಲೂ ಎದೆ ಢವಢವ. ನಾನು ಕೊಡುವುದು ಪುಸ್ತಕದ ಉದಾಹರಣೆ, ಮಕ್ಕಳು ಕೊಡುವುದು ಮನೆಯ ಉದಾಹರಣೆ. ಗೆಲ್ಲುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಬಿಸಿಲಿನ ಬೆಳೆ

ಅತಿಶಯೋಕ್ತಿ ವಿವರಿಸುತ್ತಿದ್ದೆ. ಮಾತು ಹಗುರವಾಗಲೆಂದು ಕ್ಯಾತಗಾನಚೆರ್ಲುವಿನ ಹುಡುಗನೊಬ್ಬನನ್ನು, "ನಿಮ್ಮ ಹೊಲದಲ್ಲಿ ಏನಪ್ಪಾ ಬೆಳೆ?" ಎಂದು ಕೇಳಿದೆ.

"ಬಿಸ್ಲು ಸಾರ್."

ನಾನು ಹಿಗ್ಗಿ ಹೀರೇಕಾಯಿಯಾದೆ. "ನೋಡಿ, ಅತಿಶಯೋಕ್ತಿ ಅಂದರೆ ಇದು!" ಎಂದು ಬೋರ್ಡಿನ ಮೇಲೂ ಬರೆದೆ.

ಹುಡುಗ ಸಂಕೋಚದಿಂದ ಎದ್ದ. "ಇಲ್ಲ ಸಾರ್, ಹೊಲ ಸೋಲಾರ್‌ನೋರಿಗೆ ಕೊಟ್ಟೀವಿ, ಅದು ನಿಜ. ಅತಿಶಯೋಕ್ತಿ ಬೇಕಂದ್ರೆ ಬರ್ಕಳಿ: ಈ ವರ್ಷ ಕಡ್ಲೇಕಾಯಿ ಭರ್ಜರಿ ಬೆಳೆ."

ಸಮಾನತೆಯ ಮುದ್ದೆ

ಹೆಂಗಸರ ದುಡಿಮೆಯ ಬಗ್ಗೆ ಒಂದು ಕಥೆ ಪಾಠಕ್ಕಿತ್ತು. ಆವೇಶ ಬಂದು, ಗಂಡುಮಕ್ಕಳೆಲ್ಲ ಮನೆಯಲ್ಲಿ ಮುದ್ದೆ ಮಾಡಿ ಅನುಭವ ಬರೆಯಬೇಕೆಂದೆ. ಮಾರನೆಯ ದಿನ ಒಬ್ಬ ತಾಯಿ ಸ್ಟಾಫ್ ರೂಮಿಗೇ ಬಂದರು.

"ಮೇಷ್ಟ್ರೇ, ಸಮಾನತೆ ವಳ್ಳೇದೇಯ. ಮುದ್ದೆ ತಿರುವೋಕೆ ಮಗ, ಪಾತ್ರೆ ಹಿಡಿಯೋಕೆ ಅವ್ರಪ್ಪ, ಫೋಟೋ ಹೊಡಿಯೋಕೆ ಅವ್ರ ಚಿಕ್ಕಪ್ಪ. ಗಂಟುಗಂಟು ಮುದ್ದೆ ತಿಂದೋಳು, ಪಾತ್ರೆ ಉಜ್ಜಿದೋಳು ನಾನು. ಇನ್ಮ್ಯಾಕೆ ಸಮಾನತೇನ ಕಾಲೇಜಲ್ಲೇ ಮುಗಿಸ್ಬುಡಿ!"

ಹೆಣ್ಣು ನೋಡುವ ದಿನ

ನಿಡುಗಲ್ ಕಡೆಯ ಕುರಿ ಸಾಕುವ ಮನೆಯ ಹುಡುಗಿ, ಬಿ.ಎ. ಕೊನೆಯ ವರ್ಷ. ಕನ್ನಡವೆಂದರೆ ಪ್ರಾಣ. ಒಂದು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. "ಸಾರ್, ಭಾನುವಾರ ಗಂಡಿನ ಕಡೇರು ಬತ್ತಾರೆ. ನಾನು ಎಂ.ಎ. ಓದ್ಬೇಕು. ನಮ್ಮಜ್ಜಿಗೆ ನೀವೇ ಹೇಳಿ." ಆ ಮನೆಯಲ್ಲಿ ಅಜ್ಜಿಯದೇ ಕೊನೆಯ ಮಾತು. ಭಾನುವಾರ ಬಂದು ಹೇಳುತ್ತೇನೆಂದು ಮಾತು ಕೊಟ್ಟೆ.

ನಾನು ಹೋಗುವಷ್ಟರಲ್ಲಿ ಗಂಡಿನವರು ಉಪ್ಪಿಟ್ಟು ತಿನ್ನುತ್ತಿದ್ದರು. ಬಾಯಿ ಬಿಡಲು ಧೈರ್ಯವಾಗದೆ ನಾನೂ ಒಂದು ತಟ್ಟೆ ಹಿಡಿದು ಕೂತೆ. ಗಂಡಿನ ಕಡೆಯ ಹಿರಿಯರು, "ನಿಂಗೂ ಏನಾರ ಕೇಳೋದಿದ್ರೆ ಕೇಳಮ್ಮ" ಎಂದರು.

ಹುಡುಗಿ ತಲೆಯೆತ್ತಿ ಹುಡುಗನನ್ನು ನೋಡಿದಳು. "ನಾನು ಯಾವ ತರ ಕಾಣ್ತೀನಿ? ಒಂದು ಉಪಮೆ ಕೊಡಿ. ಚಂದ್ರ, ಕಮಲ ಬಿಟ್ಟು ಬೇರೆ ಹೇಳಿ."

ಪಾಪ, ಹುಡುಗ ಬೆವರಿದ. ಆದರೂ ಮನಸಾರೆ ಹೇಳಿದ: "ನಮ್ಮನೆ ಎಮ್ಮೆ ತರ. ಅದೂ ಇಂಗೇ ಕಣ್ಣರಳಿಸ್ಕಂಡು ನೋಡ್ತದೆ. ನಂಗೆ ಅದಂದ್ರೆ ಪ್ರಾಣ."

ಎಲ್ಲೂ ಓದಿರದ ಹೊಚ್ಚಹೊಸ ಉಪಮೆ! ಮನಸ್ಸಿನಲ್ಲೇ ಪೂರ್ತಿ ಅಂಕ ಕೊಟ್ಟೆ. ಅಷ್ಟರಲ್ಲಿ ಅಜ್ಜಿ ತಾಂಬೂಲದ ತಟ್ಟೆಯನ್ನು ದಡಾರನೆ ಕೆಳಗಿಟ್ಟರು.

"ಅಯ್ಯೋ ದೇವುಡಾ! ಎಮ್ಮೇನಾ? ತಲೆತಲಾಂತರದಿಂದ ಕುರಿ ಕಾಯ್ದ ಮನೆ ಇದು. ಕುರಿ ಅಂದಿದ್ರೆ ಈಗ್ಲೇ ತಾಂಬೂಲ ಬದಲಾಯ್ಸ್ತಿದ್ದೆ ಕಣಪ್ಪ!"

ಮಾತುಕತೆ ಅಲ್ಲಿಗೇ ಮುರಿಯಿತು. ಗಂಡಿನವರು ಹೊರಟ ಮೇಲೆ ಅಜ್ಜಿ ನನ್ನ ಕಡೆ ತಿರುಗಿದರು. "ಅದೇನೋ ಎಂ.ಎ. ಅಂತಾಳಲ್ಲ, ಓದ್ಕಳ್ಳಿ ಬುಡಿ ಮೇಷ್ಟ್ರೇ." ಹುಡುಗಿಗೆ ಸಂತೋಷ ತಡೆಯಲಾಗಲಿಲ್ಲ. ನನಗೂ ಅಷ್ಟೇ. ನಮಸ್ಕಾರ ಹೇಳಿ ಅಂಗಳಕ್ಕಿಳಿದೆ.

ಅಜ್ಜಿ ಹಿಂದಿನಿಂದ ಕೂಗಿದರು: "ಇವ್ಳು ಓದು ಮುಗ್ಸೋ ಹೊತ್ಗೆ ಆ ಹುಡ್ಗಂಗೂ ವಸಿ ಪಾಠ ಹೇಳ್ಕೊಟ್ಟಿರಿ ಮೇಷ್ಟ್ರೇ. ಹುಡ್ಗ ವಳ್ಳೇವ್ನೇ, ಹೋಲ್ಸೋದೊಂದು ಬರಲ್ಲ!"