ನಾಳೆ ಬರುತ್ತೇನೆಂದು ದಿನವೂ ಬರೆಯಿರಿ

ಮಾನ್ಯ ಸುರಕ್ಷತಾ ತಪಾಸಣಾಧಿಕಾರಿಗಳ ಸನ್ನಿಧಾನಕ್ಕೆ, ರಟ್ಟಿನ ಡಬ್ಬ ತಯಾರಿಸುವ ಕಾರ್ಖಾನೆಯ ಮೂರನೆಯ ಕತ್ತರಿ ಯಂತ್ರದ ಕೆಲಸಗಾರನು ಎಣ್ಣೆಗೈಯನ್ನು ಚೆನ್ನಾಗಿ ಒರೆಸಿಕೊಂಡು ಮಾಡುವ ಸವಿನಯ ನಮಸ್ಕಾರಗಳು.

ಮಾನ್ಯರೇ, ಕಳೆದ ಮಂಗಳವಾರ ತಾವು ದಯಮಾಡಿಸಿ, ನಮ್ಮ ಯಂತ್ರಗಳ ಬಾಯಿಗೆ ಹಾಕಿದ್ದ ಹಳದಿ ಬಣ್ಣದ ಕಬ್ಬಿಣದ ಜಾಲರಿಗಳನ್ನು ತಟ್ಟಿ ನೋಡಿ, ಭೇಷ್ ಎಂದು ತಲೆದೂಗಿ, ಪುಸ್ತಕದಲ್ಲಿ ಬರೆದುಕೊಂಡಿರಿ. ಆ ಜಾಲರಿಗಳ ಪರವಾಗಿ ನಾನು ಕೃತಜ್ಞತೆ ಸಲ್ಲಿಸಲೇಬೇಕು, ಏಕೆಂದರೆ ವರ್ಷಕ್ಕೊಂದು ದಿನ ಗಾಳಿ ಬೆಳಕು ಕಾಣುವ ಅವಕ್ಕೆ ಹೊಗಳಿಕೆ ಕೇಳುವ ಭಾಗ್ಯ ಅಪರೂಪ. ಉಳಿದ ದಿನಗಳಲ್ಲಿ ಅವು ಮ್ಯಾನೇಜರರ ಕೋಣೆಯ ಬೀರುವಿನಲ್ಲಿ ಹಳೆಯ ಚಾದರ ಹೊದ್ದು, ನಮಗಿಂತ ಸುರಕ್ಷಿತವಾಗಿ ಮಲಗಿರುತ್ತವೆ. ಜಾಲರಿ ಹಾಕಿದರೆ ಗಂಟೆಗೆ ಎಂಬತ್ತು ಡಬ್ಬ ಕಡಿಮೆಯಾಗುತ್ತವಂತೆ.

ನಮ್ಮ ತರಬೇತಿಯನ್ನು ಹೊಗಳದಿದ್ದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ತಾವು ಬರುವ ಹಿಂದಿನ ದಿನ ಮೇಸ್ತ್ರಿಯವರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಹಾಜರಿ ಹಾಳೆಗೆ ಮೊದಲು ಸಹಿ ಹಾಕಿಸಿ, ಆಮೇಲೆ ಪಾಠ ಶುರುಮಾಡಿದರು. "ಬ್ಲೇಡ್ ಹತ್ರ ಕೈ ಹಾಕ್ತೀರಾ ಅಂತ ಸಾಹೇಬ್ರು ಕೇಳಿದ್ರೆ, ಇಲ್ಲ ಅನ್ಬೇಕು, ಅಷ್ಟೇ" ಎಂಬುದೇ ಆ ಪಾಠದ ಆದಿ ಮತ್ತು ಅಂತ್ಯ. ಕೈ ಹಾಕದೆ ಸಿಕ್ಕಿಕೊಂಡ ರಟ್ಟನ್ನು ಎಳೆಯುವುದು ಹೇಗೆಂದು ವಿಚಾರಿಸಿದ ಅಂಟು ಹಚ್ಚುವ ಅಜ್ಜನಿಗೆ, "ಅದನ್ನ ನಾಳೆ ಕೇಳಲ್ಲ, ಬಿಡಿ" ಎಂಬ ಸಮಾಧಾನ ದೊರೆಯಿತು.

ಎರಡನೆಯ ಯಂತ್ರದಲ್ಲಿ ಕೆಲಸ ಮಾಡುವವಳು ನನ್ನ ತಂಗಿ. ತಾವು ಹೋದ ಮರುದಿನ, ಜಾಲರಿ ಬೀರು ಸೇರಿ ಅರ್ಧ ಗಂಟೆಯಾಗಿರಲಿಲ್ಲ, ಬ್ಲೇಡು ಅವಳ ಕೈಗವಸಿನ ಕಿರುಬೆರಳನ್ನು ಕಚಕ್ಕನೆ ಕತ್ತರಿಸಿತು. ನನ್ನ ಹಳೆಯ ಕೈಗವಸು ಅವಳಿಗೆ ದೊಡ್ಡದಾಗಿತ್ತು ಎಂಬ ಒಂದೇ ಕಾರಣಕ್ಕೆ ಒಳಗಿನ ಬೆರಳು ಉಳಿಯಿತು. "ಏನೂ ಆಗಿಲ್ಲ ಅಣ್ಣ, ಅತ್ತಿಗೆಗೆ ಹೇಳ್ಬೇಡ" ಎಂದು ಅವಳು ಮತ್ತೆ ಯಂತ್ರ ಚಾಲು ಮಾಡಿದಳು. 'ಕೈಗವಸು ಒಂದು, ಹರಿದಿದೆ' ಎಂದು ಮೇಸ್ತ್ರಿಯವರು ದಾಖಲಿಸಿದರು. ನನಗೆ ಮಾತ್ರ ಅಂದು ಊಟ ಸೇರಲಿಲ್ಲ. ಈಗಲೂ ಆ ಯಂತ್ರದ ಸದ್ದು ಒಂದು ಗಳಿಗೆ ನಿಂತರೆ ನಾನು ಓಡಿಹೋಗಿ ಅವಳ ಬೆರಳುಗಳನ್ನು ಎಣಿಸಿ ಬರುತ್ತೇನೆ.

ಆದಕಾರಣ ತಾವು ದಿನವೂ ಬೆಳಿಗ್ಗೆ ಎಂಟಕ್ಕೆ ಬಂದು, ಸಂಜೆಯವರೆಗೆ ಎರಡನೆಯ ಯಂತ್ರದ ಪಕ್ಕದಲ್ಲಿ ಆಸೀನರಾಗಬೇಕೆಂದು ಕೋರುತ್ತೇನೆ; ಮೆತ್ತನೆಯ ಕುರ್ಚಿಯ ಹೊಣೆ ನನ್ನದು. ಅದಾಗದಿದ್ದರೆ ತಮ್ಮ ಕೋಟನ್ನಾದರೂ ಕಳಿಸಿದರೆ ಕಿಟಕಿಯಲ್ಲಿ ತೂಗುಹಾಕುತ್ತೇವೆ. ಅದೂ ಆಗದಿದ್ದರೆ, 'ನಾಳೆ ಬರುತ್ತೇನೆ' ಎಂದು ದಿನವೂ ಒಂದು ಕಾಗದ ಬರೆಯಿರಿ, ಸಾಕು. ಬರುವ ತೊಂದರೆ ತೆಗೆದುಕೊಳ್ಳಬೇಕಾಗಿಯೇ ಇಲ್ಲ, ಏಕೆಂದರೆ ನಮ್ಮನ್ನು ಕಾಯುವುದು ತಾವಲ್ಲ, ತಾವು ಬರುತ್ತೀರೆಂಬ ಸುದ್ದಿ.

ಇವತ್ತಿನ ಮಟ್ಟಿಗೆ ಹತ್ತೂ ಬೆರಳು ಜೋಡಿಸಿ ಕೈಮುಗಿಯುವ,
ತಮ್ಮ ವಿಶ್ವಾಸಿ,
ಮೂರನೆಯ ಯಂತ್ರದವನು

ಮರೆತ ಮಾತು: ತಾವು ಹೇಳದೆ ಕೇಳದೆ ಬಂದರೂ ಗೇಟಿನ ಕೋಣೆಯಲ್ಲಿ ಕೂರಿಸಿ ಬಿಸಿ ಚಹಾ ಕೊಡುವ ಏರ್ಪಾಡಿದೆ. ಅದನ್ನು ಕುಡಿಯಲು ತಮಗೆ ಹತ್ತು ನಿಮಿಷ ಬೇಕು. ಮೂರೂ ಜಾಲರಿಗಳ ಬೋಲ್ಟು ಬಿಗಿಯಲು ನನಗೆ ಒಂಬತ್ತು ಸಾಕು. ದಯವಿಟ್ಟು ಮುಂದಿನ ಸಲ ಚಹಾ ಬೇಡವೆನ್ನಿ.