ನಾಲ್ಕನೇ ಪಾಯಿಂಟಿನ ಗುಬ್ಬಿಗಳು

‘ಏನೂ ಆಗಲಿಲ್ಲ’ ಎನ್ನುವುದೂ ಒಂದು ವರದಿ ಎಂದು ಒಪ್ಪಿಕೊಳ್ಳಲು ನನಗೆ ಈಗಲೂ ಕಷ್ಟ. ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತು ವರ್ಷ ಕೂತವನು ನಾನು. ವಿದ್ಯಾರಣ್ಯಪುರಂನಲ್ಲಿ ಇವತ್ತು ಏನೂ ನಡೆಯಲಿಲ್ಲ ಎಂದು ಯಾವ ವರದಿಗಾರನಾದರೂ ಬರೆದು ತಂದಿದ್ದರೆ ಅವನನ್ನು ಮನೆಗೆ ಕಳಿಸುತ್ತಿದ್ದೆ. ಈಗ ನಲವತ್ತೆಂಟನೇ ವಯಸ್ಸಿನಲ್ಲಿ, ಸಂರಕ್ಷಣಾ ಜೀವವಿಜ್ಞಾನದ ಎಂ.ಎಸ್ಸಿ.ಗೆ ಸೇರಿ, ಅದೇ ವರದಿಯನ್ನು ನಾನೇ ದಿನಾ ಬರೆಯುತ್ತಿದ್ದೇನೆ. ಸೇರುವಾಗ ತಲೆಯಲ್ಲಿ ಹುಲಿ ಇತ್ತು. ನನಗಿಂತ ಹದಿನೈದು ವರ್ಷ ಚಿಕ್ಕವರಾದ ಗೈಡ್ ಮೇಡಂ ನಾನು ಮೆಟ್ಟಿಲು ಹತ್ತುವುದನ್ನು ಒಮ್ಮೆ ನೋಡಿ, “ಸಾರ್, ನಿಮ್ಮ ಮಂಡಿಗೆ ಗುಬ್ಬಿ ಸಾಕು” ಎಂದರು. ಆನೆ ಲದ್ದಿ ಅಳೆಯಲು ಕಾಡಿಗೆ ಹೊರಟ ಸಹಪಾಠಿಗಳು, “ಅಂಕಲ್, ಗುಬ್ಬಿ ಅಟ್ಟಿಸ್ಕೊಂಡ್ ಬಂದ್ರೆ ಫೋನ್ ಮಾಡಿ” ಎಂದು ಧೈರ್ಯ ಹೇಳಿದರು.

ಕೆಲಸ ಸರಳ. ಬಡಾವಣೆಯಲ್ಲಿ ಗುರುತು ಮಾಡಿದ ಆರು ಪಾಯಿಂಟುಗಳಲ್ಲಿ ಬೆಳಿಗ್ಗೆ ಹತ್ತು ಹತ್ತು ನಿಮಿಷ ನಿಂತು, ಕಂಡ ಗುಬ್ಬಿಗಳನ್ನು ಎಣಿಸಿ ಬರೆಯಬೇಕು. ನನ್ನ ಪ್ರಬಂಧ, ಅಂದರೆ ಡಿಗ್ರಿ, ನಿಂತಿದ್ದೇ ಆ ಎಣಿಕೆಯ ಮೇಲೆ. ಮೂರು ವಾರ ಎಲ್ಲ ಕಡೆಯೂ ಸೊನ್ನೆ. “ಸೊನ್ನೆಯೂ ಡೇಟಾನೇ ಸಾರ್” ಎಂದರು ಮೇಡಂ. ನಾಲ್ಕನೇ ಪಾಯಿಂಟು ಗಿರಿಜಮ್ಮನವರ ಗೇಟಿನ ಎದುರಿಗಿತ್ತು. ಕೊರಳಲ್ಲಿ ಬೈನಾಕ್ಯುಲರ್ ನೇತುಹಾಕಿಕೊಂಡು ಮನೆ ಮುಂದೆ ನಿಲ್ಲುವ ಗಂಡಸನ್ನು ಅವರು ಕೊನೆಗೂ ವಿಚಾರಿಸಿದರು. ಗುಬ್ಬಿ ಬರುತ್ತಿಲ್ಲ, ಹೀಗೇ ಆದರೆ ಪ್ರಬಂಧದಲ್ಲಿ ಬರೆಯುವುದಕ್ಕೆ ಏನೂ ಇರುವುದಿಲ್ಲ ಎಂದೆ.

“ಅಯ್ಯೋ, ಈ ವಯಸ್ಸಲ್ಲಿ ಫೇಲ್ ಮಾಡ್ಬುಡ್ತಾರಾ ಸಾರ್?” ಎಂದು ಮರುಗಿದ ಗಿರಿಜಮ್ಮ ಒಳಗಿನಿಂದ ಒಂದು ತಟ್ಟೆ ಉಪ್ಪಿಟ್ಟು ತಂದರು. ಮರುದಿನವೂ ತಂದರು.

ಅದೇ ವಾರ ಗುಬ್ಬಿಗಳೂ ಬಂದವು. ಮೊದಲು ಮೂರು, ಆಮೇಲೆ ಒಂಬತ್ತು, ಆಮೇಲೆ ಹದಿನಾಲ್ಕು. ಉಳಿದ ಐದು ಕಡೆ ಎಂದಿನಂತೆ ಸೊನ್ನೆ. ನನ್ನೊಳಗಿನ ಪತ್ರಕರ್ತ ಎದ್ದು ಕೂತ. ಗಿರಿಜಮ್ಮನವರ ದಾಸವಾಳದ ಬೇಲಿ, ಪಕ್ಕದ ಹೆಂಚಿನ ಮಾಡು, ಇವೇ ಕಾರಣವೆಂದು ನಾಲ್ಕು ಪುಟ ಬರೆದೆ. ನೆಲದ ಮೇಲೆ ಬಿಳಿಯ ಪುಡಿಯಂಥದ್ದೇನೋ ಕಂಡಿತ್ತು. ಅಳಿಸಿಹೋದ ರಂಗೋಲಿ ಎಂದುಕೊಂಡೆ. ಕಂಡಿದ್ದನ್ನು ಕೇಳದೆ ಬಿಟ್ಟವರನ್ನು ಇಪ್ಪತ್ತು ವರ್ಷ ಬೈದವನು ನಾನು.

ಪುಟಗಳನ್ನು ಓದಿ ಖುಷಿಯಾದ ಮೇಡಂ ಒಂದು ಬೆಳಿಗ್ಗೆ ಸ್ವತಃ ನೋಡಲು ಬಂದರು. ಗೇಟಿನ ಎದುರು ಒಂದೂ ಗುಬ್ಬಿ ಇಲ್ಲ. ಅಷ್ಟರಲ್ಲಿ ಗಿರಿಜಮ್ಮ ಮೊರದ ತುಂಬ ನುಚ್ಚಕ್ಕಿ ಹಿಡಿದು ಓಡಿಬಂದರು.

“ಇವತ್ತು ಸ್ವಲ್ಪ ಲೇಟಾಗ್ಬುಡ್ತು ಮೇಡಂ, ತಾಳಿ, ಈಗ ಬತ್ತವೆ. ಪಾಪ, ವಯಸ್ಸಾದೋರು, ಪಾಸ್ ಮಾಡ್ಬುಡಿ ಕಣಮ್ಮ.”

ಮೇಡಂ ನನ್ನ ನೋಟ್‌ಬುಕ್ ತಿರುವಿದರು. “ಎಲ್ಲಾ ಕಡೆ ಹತ್ತು ನಿಮಿಷ ನಿಂತಿದೀರ. ಇಲ್ಲಿ ಮಾತ್ರ ಇಪ್ಪತ್ತೈದು ಅಂತಿದೆಯಲ್ಲ ಸಾರ್?”

ನಾನು ಬಾಯಿ ತೆರೆಯುವ ಮೊದಲೇ ಗಿರಿಜಮ್ಮ ಹೇಳಿದರು: “ಮತ್ತೆ, ಉಪ್ಪಿಟ್ಟು ತಿನ್ನಕ್ಕೆ ಅಷ್ಟೊತ್ತಾದ್ರೂ ಬೇಡ್ವಾ ಕಣ್ರೀ?”

ತೀರ್ಪು ಅಲ್ಲೇ ಹೊರಬಿತ್ತು. ನಾಲ್ಕನೇ ಪಾಯಿಂಟಿನ ಲೆಕ್ಕ ಪೂರ್ತಿ ರದ್ದು. ಪುಟಗಳು ಕಸಕ್ಕೆ. ಮತ್ತೆ ಮೂರು ವಾರ ಹೊಸದಾಗಿ ಎಣಿಕೆ, ಅಷ್ಟು ದಿನ ಪ್ರಬಂಧ ಮುಂದಕ್ಕೆ. “ನುಚ್ಚೂ ಹಾಕಬಾರದು, ಉಪ್ಪಿಟ್ಟೂ ಕೊಡಬಾರದು. ಇಬ್ಬರ ವರ್ತನೆಯೂ ಬದಲಾಗಿದೆ” ಎಂದರು ಮೇಡಂ. ಅವರು ಇಬ್ಬರು ಎಂದದ್ದು ಗುಬ್ಬಿಯನ್ನೂ ನನ್ನನ್ನೂ ಎಂದು ತಿಳಿಯಲು ಪತ್ರಕರ್ತನಾಗಬೇಕಿರಲಿಲ್ಲ.

ಮರುದಿನ ಗುಬ್ಬಿಗಳು ಸಮಯಕ್ಕೆ ಸರಿಯಾಗಿ ಬಂದವು. ಕಾಂಪೌಂಡಿನ ಮೇಲೆ ಸಾಲಾಗಿ ಕೂತು ಗಿರಿಜಮ್ಮನವರ ಬಾಗಿಲನ್ನೇ ನೋಡಿದವು. ನಾನೂ ನೋಡಿದೆ. ಬಾಗಿಲು ತೆರೆಯಲಿಲ್ಲ. ಮೂರು ದಿನ ಹೀಗೇ ಆಗಿ, ನಾಲ್ಕನೇ ದಿನ ಅವಕ್ಕೆ ಬುದ್ಧಿ ಬಂತು. ಆ ದಿನದ ಪುಟ ಈಗಲೂ ನೋಟ್‌ಬುಕ್ಕಿನಲ್ಲಿದೆ. ನಾಲ್ಕನೇ ಪಾಯಿಂಟು. ಗುಬ್ಬಿ: ಸೊನ್ನೆ. ನಿಂತ ಸಮಯ: ಇಪ್ಪತ್ತೈದು ನಿಮಿಷ.